ಬಣ್ಣ ಹೊಡೆದ ಮನೆಗಳಿಗೆ ನೀರು ಬಂದಿರಲಿಲ್ಲ

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರೂ ಊರುಗಳ ಕೆಲಸ ಆ ವರ್ಷ ನಮ್ಮ ಕಂಪನಿಗೆ ಸಿಕ್ಕಿತ್ತು. ನಾನೀಗ ಬರೆಯುತ್ತಿರುವುದು ಮೂರರಲ್ಲಿ ಯಾವ ಊರಿನ ವಿಷಯ ಎಂದು ಹೇಳುವುದಿಲ್ಲ. ಮೂರೂ ಕಡೆ ನನಗೆ ನೆಂಟರಿದ್ದಾರೆ, ಮದುವೆ, ಗೃಹಪ್ರವೇಶಕ್ಕೆ ಹೋಗಿ ಮುಖ ತೋರಿಸಬೇಕಾಗುತ್ತದೆ. ಊರಿನ ಹೆಸರೊಂದು ಬಿಟ್ಟರೆ ಉಳಿದದ್ದೆಲ್ಲ ನಡೆದದ್ದು ನಡೆದ ಹಾಗೇ ಇದೆ.

ಕೆಲಸ ಇಷ್ಟು. ಈಗೀಗ ನಮ್ಮಲ್ಲಿ ಮಳೆ ಹಿಂದಿನ ಲೆಕ್ಕದಲ್ಲಿ ಬರುವುದಿಲ್ಲ. ಹದಿನೈದು ದಿನ ಸುರಿಯಬೇಕಾದದ್ದು ಎರಡೇ ದಿನದಲ್ಲಿ ಸುರಿದು, ಪೇಟೆಯ ನಡುವಿನ ಹಳ್ಳ ಉಕ್ಕಿ ಮನೆಗಳಿಗೆ ನುಗ್ಗುತ್ತದೆ. ಮುಂದೆಯೂ ಹೀಗೇ ಆಗುವುದಾದರೆ ಊರು ಏನು ಮಾಡಬೇಕು ಎಂದು ಒಂದು ಯೋಜನೆ, ಆ ಯೋಜನೆಗೆ ಒಂದು ನಕ್ಷೆ. ನೀರು ನುಗ್ಗುವ ಜಾಗಕ್ಕೆ ಕೆಂಪು, ನುಗ್ಗದ ಜಾಗಕ್ಕೆ ಹಸಿರು. ನಾನು ಲೈಸೆನ್ಸ್ ಇರುವ ಸರ್ವೆಯರ್. ಅಳೆದು, ಬಣ್ಣ ತುಂಬಿ, ಸಹಿ ಹಾಕುವುದು ನನ್ನ ಪಾಲಿನ ಕೆಲಸ. ಕೇಳುವುದಕ್ಕೆ ನೀರು ಕುಡಿದಷ್ಟು ಸುಲಭ.

ಜೊತೆಗಿದ್ದವರು ಚೈನ್‌ಮ್ಯಾನ್ ಅಣ್ಣ. ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದೆಳೆದೇ ನಿವೃತ್ತರಾದವರು. ಈಗ ನಮ್ಮ ಕಂಪನಿಯಲ್ಲಿ ಅಳತೆಪಟ್ಟಿ ಹಿಡಿಯುತ್ತಾರೆ. ಸುಮ್ಮನಿರುವ ಜಾಯಮಾನವಲ್ಲ. ನಾನು ಜೈನರ ಮನೆಯವಳು, ಕತ್ತಲಾಗುವ ಮುಂಚೆ ಊಟ ಮುಗಿಸಬೇಕು. ಐದೂವರೆ ಆಗುತ್ತಿದ್ದಂತೆ, "ಅಮ್ಮ, ಸೂರ್ಯ ಇಳೀತಾ ಇದಾನೆ, ನಿಮ್ಮ ಹೋಟ್ಲು ಬಂದ್ ಆಗ್ತದೆ, ನಡೀರಿ" ಎಂದು ಯಂತ್ರದ ಪೆಟ್ಟಿಗೆ ಮುಚ್ಚಿಬಿಡುತ್ತಿದ್ದರು.

ಮಳೆ ಬಂದದ್ದು ಆಷಾಢದಲ್ಲಿ. ನಮಗೆ ಕೆಲಸದ ಆದೇಶ ಕೈಗೆ ಬಂದದ್ದು ದೀಪಾವಳಿ ಮುಗಿದ ಮೇಲೆ. ಅಷ್ಟೊತ್ತಿಗೆ ನೀರು ಎಲ್ಲಿದೆ? ನೀರು ಬಿಟ್ಟು ಹೋದ ಗುರುತು ಹುಡುಕಬೇಕು. ಗೋಡೆಯ ಮೇಲೆ ಕೆಸರಿನ ಗೆರೆ ಇದ್ದರೆ ನೆಲದಿಂದ ಅದರ ಎತ್ತರ ಅಳೆದು ನಮೂನೆಯಲ್ಲಿ ತುಂಬುವುದು. 'ಗೋಡೆ ಗುರುತು: ಇದೆ / ಇಲ್ಲ' ಎಂದು ಒಂದು ಕಾಲಂ ಇತ್ತು. ಇಲ್ಲ ಎಂದರೆ ಮನೆಯವರನ್ನು ಒಂದು ಮಾತು ಕೇಳಿ ಅವರು ಹೇಳಿದ್ದನ್ನು ಬರೆಯುವುದು. ಎಲ್ಲ ಕಡೆ ಮಾಡುವ ಪದ್ಧತಿಯೇ ಅದು, ನಾನೇನೂ ಹೊಸದಾಗಿ ಕಂಡುಹಿಡಿದದ್ದಲ್ಲ.

ಹಳ್ಳದ ಈಚೆ ದಡದಲ್ಲಿ ಒಂದು ಕೇರಿ. ಸರ್ಕಾರಿ ಜಾಗದಲ್ಲಿ ಎರಡು ತಲೆಮಾರಿನಿಂದ ಇರುವ ಮನೆಗಳು. ಮೊದಲನೇ ಮನೆ ಬಿಸಿಯೂಟದ ಅಕ್ಕನದು. ಹಗಲು ಶಾಲೆಯಲ್ಲಿ ಮಕ್ಕಳಿಗೆ ಅಡುಗೆ, ಸಂಜೆ ಹಳ್ಳದ ಆಚೆಯ ಬಡಾವಣೆಯಲ್ಲಿ ಮನೆಗೆಲಸ. ನಾವು ಒಳಗೆ ಹೋದಾಗ ಗೋಡೆಯ ಮೇಲೆ ಒಲೆಕಟ್ಟೆಯ ಎತ್ತರಕ್ಕೆ ಗೆರೆ ಎಳೆದಂತೆ ಕೆಸರಿನ ಗುರುತಿತ್ತು. ಅಕ್ಕ ನಾಚಿಕೊಂಡು, "ಸುಣ್ಣ ಹೊಡೀಬೇಕಿತ್ತು ಮೇಡಂ, ಹಬ್ಬಕ್ಕೂ ಪುರ್ಸೊತ್ತಾಗ್ಲಿಲ್ಲ, ಗಲೀಜು ನೋಡ್ಬೇಡಿ" ಎಂದಳು. ನಾನು ಟೇಪ್ ಹಿಡಿದು 'ಇದೆ' ಎಂದು ಬರೆದೆ. ಕೇರಿಯ ಎಲ್ಲ ಮನೆಯಲ್ಲೂ ಅದೇ ಗುರುತು, ಅದೇ 'ಇದೆ'.

ಆಚೆ ದಡದ ಬಡಾವಣೆಗೆ ಮರುದಿನ ಹೋದೆವು. ಸಾಲು ಮನೆಗಳು, ಮುಂದೆ ಪಾರ್ಕು. ಮೊದಲನೆಯದು ನಿವೃತ್ತ ಮೇಷ್ಟ್ರೊಬ್ಬರ ಮನೆ, ಬಡಾವಣೆಯವರ ಸಂಘಕ್ಕೂ ಅವರೇ ಅಧ್ಯಕ್ಷರು. ಸೋಫಾದ ಮೇಲೆ ಕೂರಿಸಿ ಒಳ್ಳೆ ಕಾಫಿ ಕೊಟ್ಟರು. "ನಮ್ಮಲ್ಲಿಗೆ ನೀರಾ? ಛೆ ಛೆ, ಗೇಟಿನ ತನಕ ಬಂದಿತ್ತಪ್ಪ, ಒಳಗೆ ಬಂದಿಲ್ಲ" ಎಂದರು. ಗೋಡೆಯಿಂದ ಹೊಸ ಬಣ್ಣದ ವಾಸನೆ ಬರುತ್ತಿತ್ತು. ವಾಸನೆ ಮೂಗಿಗೆ ಹೋಯಿತು, ತಲೆಗೆ ಹೋಗಲಿಲ್ಲ. 'ಇಲ್ಲ' ಎಂದು ಬರೆದೆ. ಮುಂದಿನ ಮನೆಗಳಲ್ಲೂ 'ಇಲ್ಲ', 'ಇಲ್ಲ' ಎಂದು ಬರೆಯುತ್ತಾ ಹೋದೆ. ಇಪ್ಪತ್ತು ವರ್ಷದ ಅನುಭವ ಎಂದು ಹೇಳಿಕೊಂಡು ತಿರುಗುವವಳು ನಾನು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಕ್ಷೆ ತಯಾರಾಯಿತು. ಜನರ ಆಕ್ಷೇಪಣೆ ಕೇಳುವುದಕ್ಕೆ ಎಂದು ಪಟ್ಟಣದ ಕಚೇರಿಯ ಗೋಡೆಗೆ ಅಂಟಿಸಿದರು. ಹಳ್ಳದ ಈಚೆ ಕೆಂಪು, ಆಚೆ ಹಸಿರು, ನೋಡಲು ಬಹಳ ಚೆಂದವಾಗಿತ್ತು. ವಿಚಾರಿಸುವವರಿಗೆ ವಿವರಿಸಲು ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ.

ಅಕ್ಕ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಕಾಗದ. ಪಟ್ಟಣದ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರು ಹಕ್ಕುಪತ್ರ ಕೇಳುವುದಕ್ಕೆ ಒಂದು ಅರ್ಜಿ ಇದೆಯಲ್ಲ, ಅದನ್ನು ಅವಳು ಹಾಕಿದ್ದು ಮೂರನೇ ಸಲ.

"ಮೇಡಂ, ಕೆಂಪಲ್ಲಿ ಬಂದ್ರೆ ನಮ್ಮ ಅರ್ಜಿ ವಜಾ ಅಂತೆ. ಹೌದಾ?"

"ಹೌದಕ್ಕ. ನೀರು ನುಗ್ಗೋ ಜಾಗಕ್ಕೆ ಹಕ್ಕುಪತ್ರ ಕೊಡಲ್ಲ ಅಂತ ನಿಯಮ ಮಾಡ್ತಾರೆ."

"ಹಕ್ಕುಪತ್ರ ಇಲ್ದೆ ಮನೆ ಗ್ರಾಂಟು ಇಲ್ಲ. ಗ್ರಾಂಟಿಲ್ದೆ ನೆಲ ಎತ್ತರ ಮಾಡಕ್ಕಾಗಲ್ಲ. ನೆಲ ತಗ್ಗಲ್ಲಿದೆ ಅಂತ್ಲೇ ನೀರು ನುಗ್ಗೋದು. ನೀರು ನುಗ್ತದೆ ಅಂತ ಹಕ್ಕುಪತ್ರ ಇಲ್ಲ. ನಾವು ಎಂತ ಮಾಡ್ಬೇಕು ಹೇಳಿ?"

ಅವಳು ನಕ್ಷೆಯ ಹತ್ತಿರ ಹೋಗಿ ಬೆರಳಿಟ್ಟಳು.

"ಈ ಹಸ್ರು ಎಂತದು?"

"ಬಡಾವಣೆ. ಅಲ್ಲಿ ನೀರು ಬಂದಿಲ್ಲ."

"ಬಂದಿಲ್ವಾ? ಯಾರು ಹೇಳಿದ್ದು?"

"ಗೋಡೆ ಮೇಲೆ ಗುರುತಿಲ್ಲಕ್ಕ."

"ಗುರ್ತು ಹೆಂಗಿರ್ತದೆ ಮೇಡಂ? ನಾನೇ ತೊಳ್ದಿದ್ದಲ್ವಾ!" ಅವಳ ದನಿ ಏರಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಮೇಷ್ಟ್ರ ಮನೆ ಒಂದೇ ಮೂರು ದಿನ ಹಿಡೀತು. ಕೆಸರು ಬಾಚಿ, ಗೋಡೆ ತಿಕ್ಕಿ, ಬ್ಲೀಚಿಂಗ್ ಹಾಕಿ. ನಮ್ಮ ಕೇರಿ ಹೆಂಗಸ್ರೆಲ್ಲ ಒಂದೊಂದು ಮನೆ ಹಿಡ್ಕಂಡು ತೊಳ್ದಿದ್ದು. ಆಮೇಲೆ ಹಬ್ಬಕ್ಕೆ ಪೇಂಟ್‌ನವ್ರು ಬಂದ್ರು. ಅವ್ರ ಮನೆ ತೊಳಿಯದ್ರಲ್ಲಿ ನನ್ನ ಮನೆ ಗೋಡೆ ಹಂಗೇ ಉಳೀತು. ನೀವು ಬಂದು ಅದನ್ನೇ ಬರ್ಕಂಡು ಹೋದ್ರಿ."

ಅವಳಿಗೆ ಒಂದು ಲೋಟ ನೀರು ಕೊಡಿಸಬೇಕು ಎಂದೂ ನನಗೆ ಹೊಳೆಯಲಿಲ್ಲ.

ಶಿವಮೊಗ್ಗದಲ್ಲಿದ್ದ ನಮ್ಮ ಕಂಪನಿಯ ಯಜಮಾನರಿಗೆ ಫೋನು ಮಾಡಿ, ಮತ್ತೊಂದು ಸಲ ಅಳೆಯಬೇಕು ಎಂದೆ. "ಕೊಟ್ಟಾಗಿದೆ ಅಲ್ರೀ, ಮತ್ತೆ ಯಾಕೆ ಕೆದಕ್ತೀರಿ?" ಎಂದರು. ಆಕ್ಷೇಪಣೆ ಬಂದರೆ ಪರಿಶೀಲಿಸಬೇಕು ಎಂದು ನಮ್ಮ ಕರಾರಿನಲ್ಲೇ ಇದೆ ಎಂದೆ. ಹೂಂ ಎಂದರು, ಆದರೆ ಒಂದು ವಾರ ಮಾತ್ರ.

ಈ ಸಲ ಯಾರ ಮಾತೂ ಕೇಳಿ ಬರೆಯುವುದಿಲ್ಲ, ಲೆವೆಲ್ ಯಂತ್ರ ಇಡುವುದೇ ಎಂದುಕೊಂಡೆ. ಆ ಯಂತ್ರ ಮಾಡುವುದು ಒಂದೇ ಕೆಲಸ, ಕಣ್ಣನ್ನು ಮಟ್ಟಸವಾಗಿ ಮುಂದಕ್ಕೆ ಒಯ್ಯುವುದು. ಅಕ್ಕನ ಗೋಡೆಯ ಗೆರೆಯ ಎತ್ತರವನ್ನು ಹೆಜ್ಜೆ ಹೆಜ್ಜೆಯಾಗಿ ದಾಟಿಸಿಕೊಂಡು ಸೇತುವೆಯ ಮೇಲಿಂದ ಆಚೆ ದಡಕ್ಕೆ ತಂದರೆ, ಅದೇ ಮಟ್ಟ ಬಡಾವಣೆಯಲ್ಲಿ ಎಲ್ಲಿಗೆ ಬರುತ್ತದೆ ಎಂದು ಗೊತ್ತಾಗುತ್ತದೆ. ಎದುರು ಬದುರಿನ ದಡ. ನೀರು ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು ನಿಲ್ಲುವುದಿಲ್ಲವಲ್ಲ. ಕೊನೆಗೆ ಹೊರಟ ಜಾಗಕ್ಕೇ ವಾಪಸ್ ಬಂದು ಅಂಕಿ ಕೂಡುತ್ತದೆಯೋ ನೋಡಬೇಕು. ಕೂಡದಿದ್ದರೆ ಇಡೀ ದಿನದ ಕೆಲಸ ಕಸದ ಬುಟ್ಟಿಗೆ.

ಮೊದಲ ದಿನ ಕೂಡಲಿಲ್ಲ. ಸೇತುವೆ ಮೇಲೆ ಲಾರಿ ಹೋದಾಗಲೆಲ್ಲ ಯಂತ್ರದಲ್ಲಿ ಮಟ್ಟ ತೋರಿಸುವ ಗಾಳಿಗುಳ್ಳೆ ನಡುಗುತ್ತಿತ್ತು. ಆ ಸಿಟ್ಟಿನಲ್ಲೇ ನಾನು ಹಲ್ಲು ಕಚ್ಚಿಕೊಂಡು ಅಳತೆಪಟ್ಟಿಯ ಅಂಕಿ ಓದುತ್ತಿದ್ದೆ. ಸಂಜೆ ಲೆಕ್ಕ ಹಾಕಿದರೆ ಒಂದು ಗೇಣು ವ್ಯತ್ಯಾಸ. ಎಲ್ಲೋ ಒಂದು ಅಂಕಿ ತಪ್ಪಾಗಿ ಬರೆದಿದ್ದೆ. ಪುಸ್ತಕ ಬಿಸಾಡುವಷ್ಟು ಸಿಟ್ಟು ಬಂತು.

"ಯಂತ್ರ ಸರಿ ಇದೆ ಮಾರಾಯ್ರೆ, ನಿಮ್ಮ ಸಿಟ್ಟು ಸರಿ ಇಲ್ಲ" ಎಂದರು ಚೈನ್‌ಮ್ಯಾನ್ ಅಣ್ಣ. "ನಾಳೆ ಭಾನುವಾರ, ಲಾರಿ ಕಮ್ಮಿ. ಹೊಟ್ಟೆ ತುಂಬ ತಿಂಡಿ ತಿಂದ್ಕಂಡ್ ಬನ್ನಿ, ನಾನು ಪಟ್ಟಿ ಅಲ್ಲಾಡಿಸ್ದೆ ನಿಲ್ತೀನಿ, ನೀವು ಬಾಯಿ ಅಲ್ಲಾಡಿಸ್ದೆ ಓದಿ."

ಮಾರನೆಯ ದಿನ ಹಾಗೇ ಮಾಡಿದೆವು. ಹೊರಟಲ್ಲಿಗೆ ವಾಪಸ್ ಬಂದಾಗ ವ್ಯತ್ಯಾಸ ಎರಡು ಮಿಲಿಮೀಟರ್. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಆ ಇಡೀ ತಿಂಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ ಇರಬೇಕು.

ಬಡಾವಣೆಯ ಒಳಗೆ ಮಾತ್ರ ಬಿಡಲಿಲ್ಲ. ಮೇಷ್ಟ್ರು ಗೇಟಿನ ಅಗುಳಿ ತೆಗೆಯದೆ ಒಳಗಿನಿಂದಲೇ, "ಒಂದ್ಸಲ ಬಂದು ಬರ್ಕೊಂಡು ಹೋಗಿದೀರಲ್ಲ, ಮತ್ತೆ ಯಾರು ಹೇಳಿದ್ದು ನಿಮಗೆ?" ಎಂದರು. ಈ ಸಲ ಕಾಫಿ ಇಲ್ಲ. ರಸ್ತೆಯಲ್ಲೇ ಯಂತ್ರ ಇಟ್ಟೆ. ಅಕ್ಕನ ಮನೆಯ ಗೆರೆಯ ಮಟ್ಟ ಅವರ ನಡುಮನೆಯ ಕಿಟಕಿಗಿಂತ ಒಂದು ಗೇಣು ಕೆಳಗೆ ಹಾದುಹೋಗುತ್ತಿತ್ತು. ಕಿಟಕಿಯ ಹಿಂದೆಯೇ ನಾನು ಕೂತು ಕಾಫಿ ಕುಡಿದ ಸೋಫಾ.

"ಇದು ಬೈಲುಗದ್ದೆ ಕಣಮ್ಮ" ಎಂದರು ಚೈನ್‌ಮ್ಯಾನ್ ಅಣ್ಣ, ತಗ್ಗಿದ ದನಿಯಲ್ಲಿ. "ಗದ್ದೆ ಆಗಿದ್ದಾಗ ನಾನೇ ಅಳ್ದಿದೀನಿ. ಮಳೆಗಾಲದಲ್ಲಿ ಹಳ್ಳದ ನೀರು ಇಲ್ಲಿ ಹರಡ್ಕಳ್ಳೋದು. ಮಣ್ಣು ತುಂಬಿ ಸೈಟ್ ಮಾಡಿದ್ರು. ಆಮೇಲಿಂದ ನೀರಿಗೆ ಜಾಗ ಇಲ್ಲ, ಕೇರಿಗೆ ನುಗ್ತದೆ. ಇವ್ರು ಬರೋ ಮುಂಚೆ ಕೇರಿಗೆ ನೀರು ಬಂದಿದ್ದು ನಾನಂತೂ ನೋಡಿಲ್ಲ."

ಆದರೂ ಬರೀ ಮಟ್ಟದ ಲೆಕ್ಕ ಸಾಲದು, ಕಣ್ಣಿಗೆ ಕಾಣುವ ಒಂದು ಗುರುತು ಬೇಕು ಎಂದು ನನಗನ್ನಿಸುತ್ತಿತ್ತು. ಪಾರ್ಕಿನ ಮೂಲೆಯಲ್ಲಿ ಬೋರ್‌ವೆಲ್ಲಿನ ಪಂಪ್‌ಮನೆ ಇತ್ತು. ಹೊರಗೆ ಹೊಸ ಬಣ್ಣ, ಹೂವಿನ ಚಿತ್ರ ಬೇರೆ. ನೀರು ಬಿಡುವವರು ಬಂದು ಬೀಗ ತೆಗೆದಾಗ ಅಣ್ಣ ಟಾರ್ಚ್ ಹಾಕಿ ಒಳಗೆ ಬಗ್ಗಿದರು.

"ಬನ್ನಿ ಬನ್ನಿ. ಒಳಗೆ ಬಣ್ಣ ಹೊಡಿಯಕ್ಕೆ ಯಾರಿಗೂ ನೆನಪಾಗಿಲ್ಲ."

ಒಳಗೋಡೆಯ ಸುತ್ತ ಕೆಸರಿನ ಗೆರೆ. ಮಟ್ಟ ದಾಟಿಸಿ ನೋಡಿದೆ. ಅಕ್ಕನ ಮನೆಯ ಗೆರೆಗೂ ಇದಕ್ಕೂ ಒಂದು ಬೆರಳಿನಷ್ಟೂ ವ್ಯತ್ಯಾಸವಿರಲಿಲ್ಲ. ಫೋಟೊ ತೆಗೆದು, ನೀರು ಬಿಡುವವರ ಸಹಿಯನ್ನೂ ಪುಸ್ತಕದಲ್ಲಿ ಹಾಕಿಸಿಕೊಂಡೆ.

ಇನ್ನು ಮುಗಿಯಿತು ಎಂದುಕೊಂಡೆನಲ್ಲ, ಪೆದ್ದಿ ನಾನು. ತಿದ್ದಿದ ನಕ್ಷೆ ಹಿಡಿದು ಪಟ್ಟಣದ ಮುಖ್ಯಾಧಿಕಾರಿಯ ಮುಂದೆ ಕೂತೆ. ಎರಡೂ ದಡ ಕೆಂಪು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಮೇಡಂ, ಲೇಔಟ್ ಅಪ್ರೂವ್ ಆಗಿರೋದು. ಅದನ್ನ ಹೇಗೆ ಕೆಂಪು ಮಾಡ್ತೀರಿ?"

"ನೀರಿಗೆ ಅಪ್ರೂವಲ್ ತೋರಿಸ್ತೀರಾ ಸಾರ್?"

"ಹಂಗಲ್ಲ, ಸಿಟ್ಟು ಮಾಡ್ಕೋಬೇಡಿ." ಅವರು ಕೆಟ್ಟವರಲ್ಲ, ಬರುವ ವರ್ಷ ನಿವೃತ್ತಿ, ತಂಟೆ ಬೇಡ ಅಷ್ಟೇ. ಸ್ವಲ್ಪ ಹೊತ್ತು ನಕ್ಷೆ ನೋಡಿ ಅವರೇ ದಾರಿ ಹುಡುಕಿದರು. "ಸರಿ, ಎರಡೂ ಕೆಂಪೇ ಇರಲಿ. ಆದ್ರೆ ನಿಯಮ ಇರೋದು ಹೊಸದಾಗಿ ಹಕ್ಕುಪತ್ರ ಕೊಡಬಾರದು ಅಂತ. ಲೇಔಟ್‌ನವ್ರಿಗೆ ಖಾತೆ ಇದ್ದೇ ಇದೆ, ಅವ್ರಿಗೆ ಅನ್ವಯ ಆಗಲ್ಲ. ಅವ್ರ ಕಡೆ ಒಂದು ತಡೆಗೋಡೆಗೆ ಎಸ್ಟಿಮೇಟ್ ಹಾಕ್ತೀವಿ."

ನನಗೆ ಒಂದು ನಿಮಿಷ ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಯಿತು. ನಾನು ಬಿಸಿಲಲ್ಲಿ ನಿಂತು ಮಿಲಿಮೀಟರ್ ಲೆಕ್ಕದಲ್ಲಿ ತಂದ ಕೆಂಪು, ಬಡಾವಣೆಗೆ ಗೋಡೆ ಕೊಡಿಸುತ್ತದೆ, ಆ ಗೋಡೆ ನೀರನ್ನು ಇನ್ನಷ್ಟು ಕೇರಿಯ ಕಡೆಗೆ ತಳ್ಳುತ್ತದೆ. ಅಕ್ಕನ ಅರ್ಜಿ ಮಾತ್ರ ಮೊದಲಿನ ಹಾಗೇ ವಜಾ. ಒಂದೇ ನೀರು, ಒಂದೇ ಮಟ್ಟ. ಕಾಗದ ಇದ್ದವರಿಗೆ ರಕ್ಷಣೆ, ಇಲ್ಲದವರಿಗೆ ಕಾಗದವೂ ಇಲ್ಲ. ಅಯ್ಯೋ ಕರ್ಮವೇ ಎಂದು ಅಲ್ಲೇ ಕೂಗಬೇಕು ಅನ್ನಿಸಿತು.

ಹೊರಗೆ ಬಂದು ಯಜಮಾನರಿಗೆ ಫೋನು ಮಾಡಿದೆ. "ನಿಮ್ಮ ಅಳತೆ ಒಪ್ಪಿಕೊಂಡ್ರಲ್ಲ, ಇನ್ನೇನು ಬೇಕು? ಸಹಿ ಹಾಕಿ ಕೊಡಿ. ನಿಯಮ ಮಾಡೋದು ನಮ್ಮ ಕೆಲಸ ಅಲ್ಲ" ಎಂದರು. ಅವರ ಮಾತೂ ಸುಳ್ಳಲ್ಲ. ಸಹಿ ಹಾಕುವುದಿಲ್ಲ ಎಂದರೆ ಬೇರೊಬ್ಬ ಸರ್ವೆಯರ್ ಬಂದು ಹಾಕುತ್ತಾನೆ, ಪಂಪ್‌ಮನೆಯ ಅಳತೆಯೂ ಮಾಯವಾಗುತ್ತದೆ. ಪತ್ರ ಬರೆದು ಲಗತ್ತಿಸಬಹುದು. ಆದರೆ ಲಗತ್ತಿಸಿದ ಪತ್ರಗಳು ಫೈಲಿನಿಂದ ಉದುರುವುದನ್ನು ನಾನು ಎಷ್ಟು ನೋಡಿಲ್ಲ!

ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ತೀರ್ಮಾನ ಮಾಡಿದೆ. ಪ್ರತಿ ನಕ್ಷೆಯ ಬಲಮೂಲೆಯಲ್ಲಿ ಒಂದು ಚೌಕ ಇರುತ್ತದೆ. ಯಂತ್ರ ಯಾವುದು, ಎಲ್ಲಿಂದ ಅಳೆದದ್ದು, ಹೇಗೆ ಅಳೆದದ್ದು ಎಂದು ಸರ್ವೆಯರ್ ಟಿಪ್ಪಣಿ ಬರೆಯುವ ಜಾಗ. ಅದನ್ನು ತೆಗೆಯಬೇಕಾದರೆ ನಕ್ಷೆಯನ್ನೇ ಹರಿಯಬೇಕು. ಆ ಚೌಕದಲ್ಲಿ ಬರೆದೆ: 'ಹಳ್ಳದ ಎರಡೂ ದಡಗಳಲ್ಲಿ ನೆರೆ ನೀರಿನ ಮಟ್ಟ ಒಂದೇ. ಪಂಪ್‌ಮನೆಯ ಒಳಗೋಡೆಯ ಗುರುತಿನಿಂದ ಖಚಿತಪಡಿಸಿದೆ. ಒಂದು ದಡಕ್ಕೆ ಕೊಡುವ ರಕ್ಷಣೆಯನ್ನು ಇನ್ನೊಂದು ದಡಕ್ಕೆ ನಿರಾಕರಿಸಲು ಅಳತೆಯಲ್ಲಿ ಯಾವ ಕಾರಣವೂ ಇಲ್ಲ. ಒಂದೇ ಕಡೆ ತಡೆಗೋಡೆ ಕಟ್ಟಿದರೆ ಎದುರು ದಡದಲ್ಲಿ ನೀರಿನ ಮಟ್ಟ ಏರುತ್ತದೆ.' ಕೆಳಗೆ ಸಹಿ, ಲೈಸೆನ್ಸ್ ನಂಬರು.

ಯಜಮಾನರು ನೋಡಿದಾಗ ನಕ್ಷೆ ಕಚೇರಿಯಲ್ಲಿ ಸ್ವೀಕೃತಿ ಮೊಹರು ಹಾಕಿಸಿಕೊಂಡಾಗಿತ್ತು. "ನೀವು ಸರ್ವೆಯರೋ, ವಕೀಲರೋ?" ಎಂದು ಫೋನಿನಲ್ಲೇ ಕೂಗಾಡಿದರು. ಉಳಿದೆರಡು ಊರುಗಳ ಕೆಲಸಕ್ಕೆ ನಾನು ಬರುವುದು ಬೇಡ ಎಂದರು. ಚೈನ್‌ಮ್ಯಾನ್ ಅಣ್ಣನೂ ಸೊಂಟನೋವು ಎಂದು ಹೇಳಿ ಕೆಲಸ ಬಿಟ್ಟರು. ಅವರಿಗೆ ಸೊಂಟನೋವು ಇರಲಿಲ್ಲ.

ಎರಡು ತಿಂಗಳ ನಂತರ ಮೇಲಿನ ಅಧಿಕಾರಿಯೊಬ್ಬರು ಆಕ್ಷೇಪಣೆಯ ವಿಚಾರಣೆ ನಡೆಸಿದರು. ನಕ್ಷೆಗೆ ಸಹಿ ಹಾಕಿದವಳು ಎಂದು ನನಗೂ ನೋಟಿಸು ಬಂತು. ಒಂದು ಬದಿಯ ಕುರ್ಚಿಗಳಲ್ಲಿ ಬಡಾವಣೆಯವರು, ಮುಂದೆ ಮೇಷ್ಟ್ರು. ಇನ್ನೊಂದು ಬದಿಯಲ್ಲಿ ಕೇರಿಯವರು ನಿಂತಿದ್ದರು. ಕುರ್ಚಿ ಖಾಲಿ ಇದ್ದರೂ ನಿಂತಿದ್ದರು. ಅಕ್ಕ ಶಾಲೆಯ ಅಡುಗೆ ಬೇರೆಯವರಿಗೆ ಒಪ್ಪಿಸಿ ಬಂದಿದ್ದಳು.

ಅಧಿಕಾರಿ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿದರು. ಫೈಲಿನಲ್ಲಿ ಅದು ಉಳಿದಿತ್ತಲ್ಲ, ಅಷ್ಟು ಸಮಾಧಾನ ನನಗೆ. ಮೇಷ್ಟ್ರು ಎದ್ದು ಟೈಪ್ ಮಾಡಿಸಿ ತಂದ ಕಾಗದ ಓದಿದರು. ಪಂಪ್‌ಮನೆಯೊಳಗೆ ಪೈಪು ಒಡೆದು ನೀರು ನಿಂತಿರಬಹುದು, ಅದರಿಂದ ಮನೆಗಳಿಗೆ ನೆರೆ ಬಂತು ಎಂದು ಹೇಳಲಾಗದು, ಬಡಾವಣೆಯ ಹೆಸರು ಕೆಟ್ಟರೆ ಸೈಟುಗಳನ್ನು ಯಾರೂ ಕೊಳ್ಳುವುದಿಲ್ಲ, ಕೆಂಪು ತೆಗೆಯಬೇಕು, ತಡೆಗೋಡೆ ಮಾತ್ರ ಮುನ್ನೆಚ್ಚರಿಕೆಗಾಗಿ ಬೇಕು. ಕೂಡಿ ಬಂದ ಅಂಕಿಗಳ ಪುಸ್ತಕ ನನ್ನ ತೊಡೆಯ ಮೇಲೆ ಇತ್ತು. ಎದ್ದು, ಎರಡೂ ದಡದಲ್ಲಿ ನೀರಿನ ಮಟ್ಟ ಒಂದೇ ಎಂದು ಹೇಳಿದೆ, ಎರಡು ಸಲ ಹೇಳಿದೆ. "ಮಟ್ಟ ಸರಿ ಮೇಡಂ, ಮನೆ ಒಳಗೆ ಬಂದಿದ್ದಕ್ಕೆ ಏನಿದೆ?" ಎಂದರು ಅಧಿಕಾರಿ.

ಆಗ ಅಕ್ಕ ಮುಂದೆ ಬಂದಳು. ಅಧಿಕಾರಿಯ ಕಡೆ ನೋಡಲಿಲ್ಲ, ಮೇಷ್ಟ್ರ ಕಡೆ ತಿರುಗಿದಳು.

"ಸಾರ್, ನೀವೇ ಹೇಳಿ. ಅವತ್ತು ನೀರು ನುಗ್ಗಿದಾಗ ನಿಮ್ಮನೆ ಅಜ್ಜಿ ಮಂಚದ ಮೇಲಿದ್ರು, ಮಂಚದ ಕಾಲು ಮುಳುಗಿತ್ತು. ನೀವೊಂದು ಕಡೆ ಹಿಡ್ಕಂಡ್ರಿ, ನಾನೊಂದು ಕಡೆ. ಇಬ್ರೂ ಸೇರಿ ಮಹಡಿಗೆ ಹೊತ್ಕಂಡು ಹೋದ್ವಲ್ಲ. ಹೌದಾ, ಅಲ್ವಾ?"

ಒಂದು 'ಹೌದು' ಸಾಕಿತ್ತು. ಮೇಷ್ಟ್ರು ಕೈಯಲ್ಲಿದ್ದ ಕಾಗದವನ್ನು ಮಡಿಸಿದರು, ಬಿಡಿಸಿದರು. ಆಮೇಲೆ ಅಧಿಕಾರಿಯ ಕಡೆ ನೋಡಿ, "ದಾಖಲೆ ಇದ್ರೆ ಕೊಡಲಿ ಸಾರ್" ಎಂದರು.

ಫೋಟೊ ಇರಲಿಲ್ಲ. ಮುಳುಗುತ್ತಿರುವ ಮನೆಯಲ್ಲಿ ಮುದುಕಿಯನ್ನು ಹೊರುವವರು ಫೋಟೊ ತೆಗೆಯುತ್ತಾರೆಯೇ? ವಿಚಾರಣೆ ಮುಂದಕ್ಕೆ ಹೋಯಿತು. ಅಲ್ಲಿಯವರೆಗೆ ಕೇರಿಯ ಅರ್ಜಿಗಳನ್ನು ಕಾಯ್ದಿರಿಸಲಾಗಿದೆ ಎಂದು ಬರೆದುಕೊಂಡರು. ನಾನು ಇದನ್ನು ಬರೆಯುತ್ತಿರುವಾಗಲೂ ಅವು ಹಾಗೇ ಇವೆ.

ಹೊರಗೆ ಜಗಲಿಯಲ್ಲಿ ನಾನೂ ಅಕ್ಕನೂ ಚಪ್ಪಲಿ ಹಾಕಿಕೊಳ್ಳುತ್ತಿದ್ದೆವು. ಮೇಷ್ಟ್ರು ಮೆಟ್ಟಿಲಿಳಿದು ಬಂದರು. ಒಳಗೆ ನಡೆದದ್ದು ಯಾವುದೋ ಬೇರೆ ಊರಿನ ವಿಷಯ ಎಂಬಂತೆ, ದಿನಾ ಮಾತಾಡುವ ದನಿಯಲ್ಲೇ ಅಕ್ಕನಿಗೆ ಹೇಳಿದರು:

"ನಾಳೆ ಸ್ವಲ್ಪ ಬೇಗ ಬಾ ಮಾರಾಯ್ತಿ, ನೆಂಟ್ರು ಬರ್ತಾರೆ, ಕೆಲ್ಸ ಜಾಸ್ತಿ ಇದೆ."

ಅಕ್ಕ ಪ್ಲಾಸ್ಟಿಕ್ ಕವರನ್ನು ಕಂಕುಳಲ್ಲಿ ಇಟ್ಟುಕೊಂಡಳು.

"ನಾನು ಯಾವಾಗ ಬಂದಿದೀನಿ ಸಾರ್ ನಿಮ್ಮನೆಗೆ? ದಾಖಲೆ ಇದ್ರೆ ಕೊಡಿ."